ಒಂದನೇ ದುರ್ಯೋಧನ, ಎರಡನೇ ದುರ್ಯೋಧನ

ನಮ್ಮ ಕೋಲಾರದ ಕಡೆ ದುರ್ಯೋಧನ ಕೆಟ್ಟವನು ಎಂದು ಒಂದೇ ಮಾತಿನಲ್ಲಿ ಹೇಳಿ ಎದ್ದು ಹೋಗುವ ಹಾಗಿಲ್ಲ. ಕೂತವರು ಬಿಡುವುದಿಲ್ಲ. “ಇರಿ ಸ್ವಾಮಿ, ಯಾಕೆ ಕೆಟ್ಟೋನು ಅಂತ ಒಂದ್ ಮಾತು ಏಳ್ಬುಟ್ಟು ಓಗಿ” ಎಂದು ಕೈ ಹಿಡಿದು ಕೂರಿಸಿ ಅಂಗಡಿಯವನಿಗೆ ಇನ್ನೆರಡು ಟೀ ಹೇಳುತ್ತಾರೆ. ನೀವು ಅರಗಿನ ಮನೆ ಎನ್ನುತ್ತೀರಿ. ಅದಕ್ಕೆ ಉತ್ತರ ತಯಾರಾಗಿರುತ್ತದೆ. “ಅರಗಿನ ಮನೆ ಕಟ್ಸಿದ್ದು ಇವನೇ, ಒಪ್ಕೊಂಡ್ವಿ. ಬೆಂಕಿ ಇಟ್ಟೋನ್ಯಾರು? ಭೀಮ. ಒಳಗೆ ಬೆಂದೋದೋರು ಯಾರು? ಒಬ್ಬ ಬೇಡರ ಎಂಗಸು, ಅವಳ ಐದು ಜನ ಮಕ್ಕಳು. ಅವರ ಕೇಸು ಯಾರ ಮೇಲೆ ಆಕ್ತೀರಿ?” ವ್ಯಾಸರು ಬರೆದಿರುವುದೇ ಹಾಗಾದ್ದರಿಂದ ನಿಮ್ಮ ಬಾಯಿ ಕಟ್ಟುತ್ತದೆ. ಟೀ ಬರುತ್ತದೆ. ದುಡ್ಡು ನೀವೇ ಕೊಡುತ್ತೀರಿ.

ಈ ವಾದಕ್ಕೆ ಹೊತ್ತುಗೊತ್ತು ಎಂಬುದಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಮುಗಿದು ಮಂಡಿಗಳು ಬಣಗುಟ್ಟುವಾಗ, ಮುಳಬಾಗಿಲಿನಲ್ಲಿ ಕಣ್ಣೆದುರೇ ಬಸ್ಸು ತಪ್ಪಿದಾಗ, ಮಾಲೂರಿನಲ್ಲಿ ಬೆಂಗಳೂರಿನ ರೈಲು ತಡವಾದಾಗ ತಾನಾಗಿ ಶುರುವಾಗುತ್ತದೆ. ಎಲ್ಲಕ್ಕಿಂತ ರಂಗೇರುವುದು ಕೋಲಾರದ ಕೋರ್ಟಿನ ಹತ್ತಿರ, ವಾಯಿದೆ ಬಿದ್ದ ಮೇಲೆ. ಅಲ್ಲಿ ಮರದ ಕೆಳಗೆ ಕೂತವರಲ್ಲಿ ಮುಕ್ಕಾಲು ಪಾಲು ಭಾಗದ ದಾವೆಯವರು. ಅಣ್ಣತಮ್ಮಂದಿರ ಮಕ್ಕಳು ಒಂದೇ ಬಸ್ಸಿನಲ್ಲಿ ಬಂದು, ಎದುರುಬದುರು ಲಾಯರುಗಳ ಹಿಂದೆ ನಿಂತು, ಮುಂದಿನ ತಾರೀಖು ಬರೆದುಕೊಂಡು, ಅದೇ ಬಸ್ಸಿನಲ್ಲಿ ವಾಪಸ್ಸು ಹೋಗುವ ಜನ. ಇವರಿಗೆ ಮಹಾಭಾರತ ಧರ್ಮಗ್ರಂಥವಾಗಿ ಕಾಣುವುದಕ್ಕಿಂತ ಮೊದಲು ಒಂದು ಕಡತವಾಗಿ ಕಾಣುತ್ತದೆ. ಹಿರಿಯ ಮಗ ಕುರುಡ ಎಂದು ಕಿರಿಯವನ ಹೆಸರಿಗೆ ಖಾತೆ ಆಯಿತು. ಕಿರಿಯವನು ಎಲ್ಲ ಬಿಟ್ಟು ಕಾಡಿಗೆ ಹೋಗಿ ಅಲ್ಲೇ ಸತ್ತ. ಅಷ್ಟು ವರ್ಷ ಅನುಭವದಲ್ಲಿದ್ದವನು ಹಿರಿಯವನು. ಈಗ ಕಾಡಿನಿಂದ ಐದು ಜನ ಹುಡುಗರು ಬಂದು ನಾವು ಆತನ ಮಕ್ಕಳು ಎನ್ನುತ್ತಾರೆ. ಅವರಲ್ಲಿ ಮೊದಲನೆಯವನು ವಯಸ್ಸಿನಲ್ಲಿ ಹಿರಿಯವನ ಮಗನಿಗಿಂತ ದೊಡ್ಡವನು. ಇಷ್ಟು ಹೇಳಿ ಒಬ್ಬರು ಕತ್ತೆತ್ತಿ ಕೇಳುತ್ತಾರೆ: “ಈಗೇಳಿ, ಪಹಣಿ ಯಾರ ಎಸ್ರಿಗೆ ಬರ್ಬೇಕು?”

ನಾನು ಗಮನಿಸಿದ ಮಟ್ಟಿಗೆ, ದುರ್ಯೋಧನನ ಪರವಾಗಿ ಬಹಳ ಆವೇಶದಿಂದ ಮಾತಾಡುವವರು ಜಮೀನು ತಮ್ಮ ಸ್ವಾಧೀನದಲ್ಲಿ ಇರುವವರು. ಪಾಂಡವರ ಪರ ಇರುವವರು ಭಾಗ ಕೇಳಿಕೊಂಡು ಬೆಂಗಳೂರಿನಿಂದ ಬಂದವರು. ಸೂಜಿಯ ಮೊನೆ ಊರುವಷ್ಟು ಜಾಗವನ್ನೂ ಕೊಡೆ ಎಂದನಂತಲ್ಲ, ಅದು ಅತಿಯಾಯಿತಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಯಜಮಾನರು ನನ್ನನ್ನು ಕನಿಕರದಿಂದ ನೋಡಿದರು. “ನೀವು ಸರ್ವೆಯೋರನ್ನ ಕರ್ಸಿ ಬಾಂದು ಕಲ್ಲು ನೆಡ್ಸಿದ್ದೀರಾ? ಇಲ್ಲ ತಾನೆ? ಮೊದಲು ಸೂಜಿ ಮೊನೆ ಅಂತಾರೆ. ಆಮೇಲೆ ಬದು ಅಂತಾರೆ. ಆಮೇಲೆ ಬೋರ್‌ವೆಲ್ ಇರೋ ಮೂಲೆ ನಮ್ಗೇ ಬೇಕು ಅಂತಾರೆ.” ಸಾವಿರದೈನೂರು ಅಡಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಈ ಮಾತಿಗೆ ತೂಕವಿದೆ. ಐದು ಗ್ರಾಮ ಕೇಳಿದ ಕೃಷ್ಣನಿಗೆ ಅವುಗಳ ಅಂತರ್ಜಲದ ಮಟ್ಟ ಗೊತ್ತಿತ್ತೇ ಎಂದು ನಾನೂ ಆಮೇಲೆ ಯೋಚಿಸತೊಡಗಿದೆ.

ಇನ್ನೊಂದು ಅನುಕೂಲವೂ ನಮಗಿದೆ. ಬೇರೆ ಜಿಲ್ಲೆಯವರಿಗೆ ಒಬ್ಬನೇ ದುರ್ಯೋಧನನಾದರೆ ನಮಗೆ ಕನ್ನಡದವನು, ತೆಲುಗಿನವನು ಎಂದು ಇಬ್ಬರು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಆದ್ದರಿಂದ ತಿರುಪತಿ ವೆಂಕಟಕವಿಗಳ ತೆಲುಗು ಪದ್ಯಗಳನ್ನು ರಾಗ ಎಳೆದು ಹಾಡಬಲ್ಲ ಮನುಷ್ಯನೇ ಮರುಗಳಿಗೆ ಕನ್ನಡದ ಕಂದವನ್ನೂ ಬಾಯಿಬಿಟ್ಟು ಹೇಳುತ್ತಾನೆ. 1977ರ ಸಂಕ್ರಾಂತಿಗೆ ಎನ್.ಟಿ. ರಾಮರಾಯರ ‘ದಾನವೀರಶೂರ ಕರ್ಣ’ ಬಂತಲ್ಲ, ಅದರಲ್ಲಿ ಅವರೇ ಕೃಷ್ಣ, ಅವರೇ ಕರ್ಣ, ಅವರೇ ದುರ್ಯೋಧನ, ನಿರ್ದೇಶನವೂ ಅವರದೇ. ಸುಮಾರು ನಾಲ್ಕು ಗಂಟೆಯ ಚಿತ್ರ. ಅದರಲ್ಲಿ ದುರ್ಯೋಧನನಿಗೆ ಭಾನುಮತಿಯ ಜೊತೆ ಒಂದು ಡ್ಯುಯೆಟ್ಟು ಬೇರೆ. ಅಲ್ಲಿಯವರೆಗೆ ಮೀಸೆ, ಗದೆ, ಅಟ್ಟಹಾಸ ಇಷ್ಟೇ ಆಗಿದ್ದವನು ಹೆಂಡತಿಯ ಜೊತೆ ಹಾಡು ಹೇಳಿದ್ದೇ ತಡ, ನಮ್ಮ ಕಡೆಯ ಅರ್ಧ ಜನ ಪಕ್ಷ ಬದಲಾಯಿಸಿದರು. ಹೆಂಡತಿಯನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವವನು ಕೆಟ್ಟವನು ಹೇಗಾದಾನು ಎಂಬುದು ಅವರ ತರ್ಕ. ಮನೆಯಲ್ಲಿ ಒಳ್ಳೆಯವನು, ಹೊರಗೆ ಹೀಗೆ ಎನ್ನಿಸಿಕೊಂಡ ಎಷ್ಟು ಜನರನ್ನು ನಾವು ಓಟು ಹಾಕಿ ಗೆಲ್ಲಿಸಿಲ್ಲ?

ನಾಯಕನಟ ಯಾವ ಪಾತ್ರ ಹಾಕುತ್ತಾನೋ ಧರ್ಮ ಆ ಕಡೆ ವಾಲುತ್ತದೆ ಎನ್ನುವುದು ಹಳೆಯ ನಿಯಮ. 1958ರ ‘ಭೂಕೈಲಾಸ’ದಲ್ಲಿ ರಾಜಕುಮಾರ್ ರಾವಣನಾದಾಗ ಆತ್ಮಲಿಂಗ ಕಳೆದುಕೊಂಡ ರಾವಣನಿಗಾಗಿ ಜನ ಕಣ್ಣೊರೆಸಿಕೊಂಡರೇ ಹೊರತು ಗಣಪತಿಯನ್ನು ಮೆಚ್ಚಿದವರು ಕಡಿಮೆ. 2019ರಲ್ಲಿ ಬಂದ ‘ಕುರುಕ್ಷೇತ್ರ’ದಲ್ಲಿ ದರ್ಶನ್ ದುರ್ಯೋಧನ. ಅಭಿಮಾನಿಗಳು ಕಟೌಟಿಗೆ ಹಾಲೆರೆದದ್ದು ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಭೀಮನ ಪಾತ್ರ ಮಾಡಿದವರಿಗೆ ಕನ್ನಡದಲ್ಲಿ ಅಭಿಮಾನಿ ಸಂಘವೇ ಇರಲಿಲ್ಲ. ಪಾಪ, ಅವರು ಯಾವ ಧೈರ್ಯದ ಮೇಲೆ ಆ ತೊಡೆಗೆ ಹೊಡೆದರೋ!

ಇದಕ್ಕೆಲ್ಲ ಮೂಲ ರನ್ನ ಎಂದು ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರ ವಾದ. ಹತ್ತನೆಯ ಶತಮಾನದ ಕೊನೆಗೆ ಆತ ‘ಗದಾಯುದ್ಧ’ ಬರೆಯಲು ಕೂತಾಗ ನಾಯಕ ಭೀಮನೇ. ಆಶ್ರಯ ಕೊಟ್ಟ ಅರಸ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಬರೆದ ಕಾವ್ಯ ಅದು. ಆದರೆ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ಒಬ್ಬನೇ ನಡೆದುಕೊಂಡು ಬರುವ ಭಾಗಕ್ಕೆ ಬರುತ್ತಲೇ ಕವಿಯ ಕೈ ಹಿಡಿತ ತಪ್ಪುತ್ತದೆ. ದ್ರೋಣನನ್ನು ನೋಡುತ್ತಾನೆ, ತಮ್ಮನನ್ನು ನೋಡುತ್ತಾನೆ, ಮಗನನ್ನು ನೋಡುತ್ತಾನೆ, ಕರ್ಣನನ್ನು ನೋಡುತ್ತಾನೆ. ನಡುವೆ ಅಭಿಮನ್ಯು ಬಿದ್ದಿರುವುದನ್ನು ಕಂಡು ಶತ್ರುವಿನ ಮಗನ ಸಾಹಸಕ್ಕೂ ತಲೆಬಾಗುತ್ತಾನೆ. ಮೇಷ್ಟ್ರು ಈ ಜಾಗಕ್ಕೆ ಬಂದಾಗ ಕನ್ನಡಕ ತೆಗೆಯುತ್ತಾರೆ. “ದುಡ್ಡು ಕೊಟ್ಟೋನು ಸತ್ಯಾಶ್ರಯ, ಗೆದ್ದೋನು ದುರ್ಯೋಧನ” ಎಂದು ಹೇಳಿ ಕನ್ನಡಕ ಹಾಕಿಕೊಳ್ಳುತ್ತಾರೆ. ರನ್ನನಿಗಿಂತ ಮೊದಲೇ ಪಂಪನೂ ತನ್ನ ಭಾರತದ ಕೊನೆಯಲ್ಲಿ ಯಾರನ್ನು ಯಾವ ಗುಣಕ್ಕೆ ನೆನೆಯಬೇಕೆಂದು ಪಟ್ಟಿ ಕೊಡುವಾಗ ಛಲದ ಕೆಳಗೆ ದುರ್ಯೋಧನನ ಹೆಸರನ್ನೇ ಬರೆದ. ಛಲ ಒಳ್ಳೆಯ ಗುಣವೇ ಕೆಟ್ಟ ಗುಣವೇ ಎಂದು ಕೇಳಿದರೆ ಮೇಷ್ಟ್ರು, “ಪೆನ್ಶನ್ ಆಫೀಸಿಗೆ ಅಲೆದವರನ್ನು ಕೇಳಿ” ಎನ್ನುತ್ತಾರೆ.

ಆದರೆ ನನಗೆ ಮೇಷ್ಟ್ರ ರನ್ನನಿಗಿಂತ ಹಾರ್ಮೋನಿಯಂ ಮೇಷ್ಟ್ರ ಮೇಲೆ ನಂಬಿಕೆ ಹೆಚ್ಚು. ದುರ್ಯೋಧನನನ್ನು ನಿಜವಾಗಿ ಒಳ್ಳೆಯವನನ್ನಾಗಿ ಮಾಡಿದವರು ಇವರು. ಹಳೇ ಮೈಸೂರಿನ ಹಳ್ಳಿಗಳ ಹಾಗೆ ನಮ್ಮಲ್ಲೂ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಕಲಿಸುವ ಪದ್ಧತಿ ಗೊತ್ತಲ್ಲ: ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ಪಾತ್ರ ಕೊಂಡುಕೊಳ್ಳಬೇಕು. ಪಾತ್ರಕ್ಕಿಷ್ಟು ಎಂದು ದರ. ಕೃಷ್ಣ, ದುರ್ಯೋಧನ ದುಬಾರಿ. ಭೀಮ, ಅರ್ಜುನ, ಕರ್ಣ ಅದರ ಕೆಳಗೆ. ಸಾತ್ಯಕಿ, ವಿದುರ ಅಗ್ಗ. ದ್ವಾರಪಾಲಕ ಕೆಲವು ಸಲ ಪುಕ್ಕಟೆ. ಈಗ ಯೋಚಿಸಿ. ಒಬ್ಬ ರೈತ ಟೊಮೆಟೊಗೆ ಒಳ್ಳೆಯ ರೇಟು ಬಂದ ವರ್ಷ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಿ, ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಕಂದ, ವೃತ್ತ ಬಾಯಿಪಾಠ ಮಾಡಿ, ಬಾಡಿಗೆಗೆ ತಂದ ಕಿರೀಟ ಹಾಕಿಕೊಂಡು ಸಿಂಹಾಸನದ ಮೇಲೆ ಕೂರುವುದು ಊರಿನವರಿಂದ ‘ಥೂ ನೀಚ’ ಎನ್ನಿಸಿಕೊಳ್ಳುವುದಕ್ಕೇ? ಆತನ ಬೀಗರು ಮಾಲೂರಿನಿಂದ ಬಂದಿರುತ್ತಾರೆ. ಕೊರಳಿಗೆ ನೋಟಿನ ಹಾರ ಬೀಳುತ್ತದೆ. ಮೈಕಿನಲ್ಲಿ ಹಾರ ಹಾಕಿದವರ ಹೆಸರು, ಊರು, ಮೊತ್ತ ಕೂಗುತ್ತಾರೆ. ಅಷ್ಟರಲ್ಲಿ ಶಾಸಕರೋ ಮಾಜಿ ಶಾಸಕರೋ ಬಂದು, ದುರ್ಯೋಧನನ ಸಭೆಯಲ್ಲೇ ಅವರಿಗೆ ಶಾಲು ಹೊದಿಸುವ ಕಾರ್ಯಕ್ರಮ ನಡೆದು, ಭೀಷ್ಮರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಇಂಥವನನ್ನು ಖಳ ಎನ್ನಲು ಯಾರಿಗೆ ಬಾಯಿ ಬಂದೀತು?

ಇದರಲ್ಲಿ ಒಂದು ತೊಡಕು ಬಂದದ್ದೂ, ಅದು ಬಗೆಹರಿದ ಬಗೆಯೂ ಸೊಗಸಾಗಿವೆ. ದುರ್ಯೋಧನನ ಪಾತ್ರಕ್ಕೆ ಇಬ್ಬರು ಗಿರಾಕಿಗಳಾದರೆ ಏನು ಮಾಡುವುದು? ಇಬ್ಬರಿಗೂ ಕೊಡುವುದು. ಕರಪತ್ರದಲ್ಲಿ ‘ಒಂದನೇ ದುರ್ಯೋಧನ’, ‘ಎರಡನೇ ದುರ್ಯೋಧನ’ ಎಂದು ಅಚ್ಚು ಹಾಕಿಸುತ್ತಾರೆ. ಒಂದನೆಯವನಿಗೆ ಸಭೆ, ಜೂಜು, ಕೃಷ್ಣನ ರಾಯಭಾರ. ಎರಡನೆಯವನಿಗೆ ಯುದ್ಧ, ಶೋಕ, ವೈಶಂಪಾಯನ ಸರೋವರ, ತೊಡೆಮುರಿತ. ಒಂದನೆಯವನು ಎತ್ತರ, ಕಪ್ಪು, ಗಡಸು ಗಂಟಲು. ಎರಡನೆಯವನು ಕುಳ್ಳ, ಬಿಳಿ, ಜೇನಿನಂಥ ಶಾರೀರ. ರಾತ್ರಿ ಎರಡೂವರೆಗೆ ಒಬ್ಬ ಒಳಗೆ ಹೋಗಿ ಇನ್ನೊಬ್ಬ ಹೊರಗೆ ಬಂದರೆ ಜನ ಕಣ್ಣು ಮಿಟುಕಿಸುವುದಿಲ್ಲ. ಎಷ್ಟೋ ಶತಮಾನಗಳಿಂದ ಪಂಡಿತರು ಒದ್ದಾಡುತ್ತಿರುವ ಪ್ರಶ್ನೆಗೆ ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಪಕ್ಕ ಕಂಬಳಿ ಹೊದ್ದು ಕೂತಿದ್ದ ಅಜ್ಜ ಉತ್ತರ ಕೊಟ್ಟ: “ಒಂದ್ನೇ ದುರ್ಯೋಧನ ಕೆಟ್ಟೋನು, ಬಿಡು. ಈ ಎರಡ್ನೇಯೋನು ಒಳ್ಳೇ ಮನುಷ್ಯ. ಪಾಪ, ಅವನು ಮಾಡಿದ್ದಕ್ಕೆ ಇವನು ಸಾಯ್ತಾನೆ.”

ಅದೇ ರಾತ್ರಿ ಚೌಕಿಯ ಹಿಂದೆ, ತಗಡಿನ ಟ್ರಂಕಿನ ಮೇಲೆ ಕೂತು ಕಾಲಿಗೆ ಸೊಳ್ಳೆ ಹೊಡೆದುಕೊಳ್ಳುತ್ತಿದ್ದ ದ್ರೌಪದಿಯನ್ನೂ ಕೇಳಿದೆ. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ವಾಡಿಕೆ. ಈ ಇಡೀ ವ್ಯವಸ್ಥೆಯಲ್ಲಿ ಸಂಬಳ ತೆಗೆದುಕೊಂಡು ನಟಿಸುವವರು ಅವರು, ಹಾರ್ಮೋನಿಯಂ, ತಬಲಾದವರು ಅಷ್ಟೇ. ಸುಗ್ಗಿ ಕಳೆದ ಮೇಲೆ ಆಕೆಗೆ ದಿನಕ್ಕೊಂದು ಊರು, ಊರಿಗೊಬ್ಬ ದುಶ್ಶಾಸನ. ಉಟ್ಟ ಸೀರೆಯ ಮೇಲೆ ಇನ್ನೂ ನಾಲ್ಕು ಸೀರೆ ಸುತ್ತಿಕೊಂಡು, ಬೆವರುತ್ತ, ಎಳೆಯುವವನು ಯಾವ ಸೆರಗಿನಿಂದ ಶುರು ಮಾಡಬೇಕೆಂದು ಮೊದಲೇ ಪಿನ್ನು ಹಾಕಿ ಗುರುತು ಮಾಡಿಕೊಡುತ್ತಾಳೆ. “ದುರ್ಯೋಧನ ಒಳ್ಳೇವನಾ ಕೆಟ್ಟವನಾ ಅಂತ ನನ್ನನ್ನ ಕೇಳ್ತೀರಾ ಸಾರ್?” ಎಂದು ನಕ್ಕಳು. “ನಾಟಕ ಮುಗಿದ ಮೇಲೆ ಬಾಕಿ ದುಡ್ಡು ಎಣಿಸಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಬೈಕಲ್ಲಿ ಬಿಡಿಸೋನು ಒಳ್ಳೇ ದುರ್ಯೋಧನ. ಪ್ರಾಕ್ಟೀಸಲ್ಲಿ ತೋರಿಸಿದ್ದು ಬಿಟ್ಟು ಸ್ಟೇಜ್ ಮೇಲೆ ನಿಜವಾಗ್ಲೂ ಕೂದ್ಲು ಹಿಡಿದು ಎಳೀತಾರಲ್ಲ, ಬೀಗರ ಮುಂದೆ ಜೋರು ತೋರಿಸೋಕೆ, ಅವರು ಕೆಟ್ಟೋರು. ಅದರಲ್ಲಿ ಧರ್ಮರಾಯನ ಪಾರ್ಟಿನೋರೂ ಇರ್ತಾರೆ.” ಅಷ್ಟರಲ್ಲಿ ಮೈಕಿನಲ್ಲಿ ಅವಳ ಪ್ರವೇಶದ ಹಾಡು ಎತ್ತಿಕೊಂಡರು. ಅವಳು ಬಾಯಲ್ಲಿದ್ದ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು ಹೋದಳು.

ಅಭಿಮಾನಿಗಳ ಕೈಯಲ್ಲಿರುವ ತುರುಪಿನ ಎಲೆ ಕರ್ಣ. ಇಡೀ ಸಭೆ ಕುಲ ಯಾವುದು ಎಂದು ಕೇಳುತ್ತಿದ್ದಾಗ ಅಲ್ಲಿಯೇ ಅಂಗರಾಜ್ಯದ ಪಟ್ಟ ಕಟ್ಟಿದವನು ದುರ್ಯೋಧನ. ಕೋಲಾರ ದಲಿತ ಚಳವಳಿಯ ಗಟ್ಟಿ ನೆಲ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿಗೆ ಹೋಗಿ ಬಂದವರ ಮುಂದೆ ದ್ರೋಣನನ್ನು ಗುರು ಎಂದು ಹೊಗಳಿ ನೋಡಿ, ಏಕಲವ್ಯನ ಹೆಬ್ಬೆರಳು ತಕ್ಷಣ ನಿಮ್ಮ ಮುಂದೆ ಬಂದು ಬೀಳುತ್ತದೆ. ಕುಲ ಕೇಳದೆ ಕುರ್ಚಿ ಕೊಟ್ಟವನು ಎಂಬ ಕಾರಣಕ್ಕೆ ಅಂಥ ಹುಡುಗರಲ್ಲಿ ದುರ್ಯೋಧನನಿಗೆ ಒಂದಿಷ್ಟು ಮರ್ಯಾದೆ ಇದೆ. ಒಂದಿಷ್ಟೇ. ಏಕೆಂದರೆ ಅವರಲ್ಲೇ ಒಬ್ಬ, ಪಂಚಾಯ್ತಿ ಮೆಂಬರಾಗಿ ಅನುಭವ ಇರುವವನು, ಹೀಗೆಂದ: “ಅರ್ಜುನನಿಗೆ ಎದುರಾಗಿ ನಿಲ್ಸೋಕೆ ಆಳು ಬೇಕಾಗಿತ್ತಣ್ಣ, ಟಿಕೆಟ್ ಕೊಟ್ಟ. ನಮ್ಗೂ ಕೊಡ್ತಾರೆ. ಎಲೆಕ್ಷನ್ ಬಂದಾಗ.” ಈ ಮಾತಿಗೆ ದುರ್ಯೋಧನನ ಕಡೆಯ ವಕೀಲರಿಂದ ಇದುವರೆಗೆ ತಕ್ಕ ಜವಾಬು ಬಂದಿಲ್ಲ.

ಹೆಂಗಸರ ತೀರ್ಪಿನಲ್ಲಿ ಮಾತ್ರ ವಾಯಿದೆ ಇಲ್ಲ. ಕೋಲಾರ, ಮಾಲೂರುಗಳಲ್ಲಿ ಧರ್ಮರಾಯಸ್ವಾಮಿಯ ಗುಡಿ ಇದೆ, ಕರಗ ನಡೆಯುತ್ತದೆ. ಮಲ್ಲಿಗೆ ಹೊತ್ತು ರಾತ್ರಿಯೆಲ್ಲ ಊರು ಸುತ್ತುವ ದ್ರೌಪದಮ್ಮ ನಮ್ಮಲ್ಲಿ ಕಾವ್ಯದ ನಾಯಕಿಯಲ್ಲ, ಮನೆ ಬಾಗಿಲಿಗೆ ಬರುವ ತಾಯಿ. ಹರಕೆ ಹೊತ್ತು ಬಾಗಿಲು ಸಾರಿಸಿ ರಂಗೋಲಿ ಹಾಕಿ ಕಾದವರ ಮುಂದೆ ಕರ್ಣ, ಪಹಣಿ, ರನ್ನ ಯಾವುದೂ ನಡೆಯುವುದಿಲ್ಲ. “ಹೆಣ್ಣುಮಗಳನ್ನ ಸಭೆಗೆ ಎಳ್ಕೊಂಡ್ ಬಂದ್ರಲ್ಲ, ತೊಡೆ ತಟ್ಟಿ ಕೂತಿದ್ದೋನ್ಯಾರು?” ಎಂದು ನಮ್ಮ ಚಿಕ್ಕಮ್ಮ ಕೇಳಿದರೆ ಎಲ್ಲ ಗಂಡಸರೂ ಮೊಬೈಲು ನೋಡಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಮುಗಿದ ಮೇಲೂ ಮಾತಾಡುವುದು ನಮ್ಮ ಚಟ, ಅಷ್ಟೇ.

ಗಡಿ ದಾಟಿ ಚಿತ್ತೂರಿನ ಸೀಮೆಗೆ, ಇಲ್ಲವೇ ತಮಿಳುನಾಡಿನ ಉತ್ತರದ ಜಿಲ್ಲೆಗಳಿಗೆ ಹೋದರೆ ದ್ರೌಪದಮ್ಮನ ಗುಡಿಗಳಲ್ಲಿ ದಿನಗಟ್ಟಲೆ ಭಾರತ ಓದಿಸಿ, ರಾತ್ರಿ ಆಡಿಸಿ, ಕೊನೆಯ ದಿನ ಬಯಲಿನಲ್ಲಿ ದುರ್ಯೋಧನನನ್ನು ಮಣ್ಣಿನಲ್ಲಿ ಮಾಡಿ ಮಲಗಿಸುತ್ತಾರೆ. ಅಂಗಾತ ಬಿದ್ದ ಭಾರೀ ಆಳು. ಎದೆಯ ಮೇಲೆ ಹತ್ತಿ ಮಕ್ಕಳು ಓಡಾಡಬಹುದು, ಅಷ್ಟು ದೊಡ್ಡದು. ಭೀಮನ ವೇಷದವನು ಸುತ್ತ ಕುಣಿದು ಕುಣಿದು ತೊಡೆಗೆ ಹೊಡೆದರೆ ಒಳಗೆ ಹುದುಗಿಸಿಟ್ಟ ಕೆಂಪು ನೀರು ಹೊರಕ್ಕೆ ಬರುತ್ತದೆ. ದ್ರೌಪದಿಯ ಮುಡಿ ಕಟ್ಟುತ್ತಾರೆ. ಆಮೇಲೆ ನೋಡಬೇಕು ತಮಾಷೆ: ನೆರೆದವರು ಮುಗಿಬಿದ್ದು ಆ ಮಣ್ಣನ್ನು ಕೈಗೆ ಸಿಕ್ಕಷ್ಟು ಕಿತ್ತು ಸೆರಗಿಗೆ, ಟವೆಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಾರೆ. ಕಾಳಿನ ಜೊತೆ ಇಟ್ಟರೆ ಸಮೃದ್ಧಿಯಂತೆ. ಬದುಕಿದ್ದಾಗ ಸೂಜಿ ಮೊನೆಯಷ್ಟು ಮಣ್ಣು ಬಿಟ್ಟುಕೊಡದವನು ಸತ್ತ ಮೇಲೆ ಮನೆಗೊಂದು ಬೊಗಸೆ ಹಂಚಿಹೋಗುತ್ತಾನೆ. ಕೇರಳದ ಕೊಲ್ಲಂ ಜಿಲ್ಲೆಯ ಮಲನಾಡದಲ್ಲಂತೂ ಅವನಿಗೆ ಗುಡಿಯೇ ಇದೆ. ಅಲ್ಲಿ ಅವನು ಅಪ್ಪೂಪ್ಪನ್, ಎಂದರೆ ತಾತ. ನೈವೇದ್ಯಕ್ಕೆ ಸೇಂದಿ. ಜಮೀನಿನ ಕಂದಾಯವನ್ನು ಅವನ ಹೆಸರಿನಲ್ಲೇ ಕಟ್ಟುತ್ತಾರೆ ಎಂಬುದನ್ನು ನಮ್ಮ ಕೋರ್ಟಿನ ಮರದ ಕೆಳಗೆ ಹೇಳಿದಾಗ ಒಬ್ಬರು ತೊಡೆ ತಟ್ಟಿಕೊಂಡು, “ಕೊನೆಗೂ ಖಾತೆ ಆಯ್ತು ಅನ್ನಿ” ಎಂದರು.

ಖಳರ ಬಗ್ಗೆ ತೀರ್ಪು ಕೊಡಲು ಹಿಂಜರಿಯುವ ಈ ಗುಣ ನಮ್ಮ ನೀರಿನಲ್ಲೇ ಇರಬೇಕು. ಕೋಲಾರದ ಸ್ಥಳಪುರಾಣ ತೆಗೆದರೆ ಅಪ್ಪನ ಮಾತಿಗೆ ತಾಯಿಯ ತಲೆ ತೆಗೆದ ಪರಶುರಾಮ. ಮುಳಬಾಗಿಲು ತಾಲ್ಲೂಕಿನ ಆವನಿಗೆ ಹೋದರೆ ಬೆಟ್ಟದ ಮೇಲೆ ಸೀತೆಯ ಗುಡಿ, ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳು. ಲವಕುಶರು ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಬಸುರಿಯನ್ನು ಕಾಡಿಗೆ ಕಳಿಸಿದವನ ಮೇಲೆ ಆ ಊರಿನವರಿಗೆ ಭಕ್ತಿಗೇನೂ ಕಡಿಮೆಯಿಲ್ಲ, ಆದರೆ ಬೆಟ್ಟ ಹತ್ತಿ ದಣಿದು ಕೂತ ಹೆಂಗಸರ ಮಾತಿಗೆ ಕಿವಿಗೊಟ್ಟರೆ ಭಕ್ತಿಯ ಪಕ್ಕದಲ್ಲೇ ಒಂದು ಸಣ್ಣ ತಕರಾರೂ ಕೇಳಿಸುತ್ತದೆ.

ಮಾಲೂರಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈ ಗುಣವನ್ನು ಕಾದಂಬರಿಯನ್ನಾಗಿ ಬರೆದರು. ಮೈಸೂರು ಸಂಸ್ಥಾನದ ನೌಕರಿಯಲ್ಲಿ ಕಂದಾಯ, ತಕರಾರು, ಅರ್ಜಿಗಳನ್ನು ಕೇಳಿ ಕೇಳಿ 1943ರಲ್ಲಿ ಕೆಲಸ ಬಿಟ್ಟು ಬಂದವರಿಗೆ ಎರಡು ಕಡೆಯ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸ. ಅವರಿಗೆ 1983ರ ಜ್ಞಾನಪೀಠ ತಂದ ‘ಚಿಕವೀರ ರಾಜೇಂದ್ರ’ದ ರಾಜ ಕುಡುಕ, ಕ್ರೂರಿ, ಹೆಣ್ಣುಗಳ್ಳ, ಸ್ವಂತ ತಂಗಿಯನ್ನೇ ಸೆರೆಯಲ್ಲಿಟ್ಟವನು. ಇಷ್ಟು ಸಾಕಲ್ಲವೇ? ಮಾಸ್ತಿಯವರಿಗೆ ಸಾಲದು. ಅವನ ಪಕ್ಕ ಕುಂಟ ಬಸವನನ್ನು ತಂದು ನಿಲ್ಲಿಸುತ್ತಾರೆ, ಗೌರಮ್ಮನಂಥ ರಾಣಿಯನ್ನು ಕೊಡುತ್ತಾರೆ, ಬಾಗಿಲಲ್ಲಿ ಕಾಯುತ್ತಿರುವ ಕಂಪನಿ ಸರ್ಕಾರವನ್ನು ತೋರಿಸುತ್ತಾರೆ. ಓದುತ್ತ ಹೋದಂತೆ ಇವನನ್ನು ಕೆಡಿಸಿದವರು ಯಾರು ಎಂದು ನಾವೇ ಲೆಕ್ಕ ಹಾಕತೊಡಗುತ್ತೇವೆ. ಮಾಲೂರಿನ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಈ ಪುಸ್ತಕದ ಮೇಲೆ ಗಂಡಹೆಂಡಿರ ನಡುವೆ ಬಿರುಸಾದ ಜಗಳವೇ ಆಗಿದೆ. ಆತ ಬಸವನೇ ಕಾರಣ ಎನ್ನುತ್ತಾನೆ. ಆಕೆ, “ಕುಡಿಯೋ ಗಂಡಸರಿಗೆಲ್ಲ ಒಬ್ಬ ಸ್ನೇಹಿತನೇ ಕಾರಣ” ಎನ್ನುತ್ತಾಳೆ. ನಿಜವಾದ ಚಿಕವೀರರಾಜೇಂದ್ರ 1834ರಲ್ಲಿ ಕೊಡಗು ಕಳೆದುಕೊಂಡು, ಕಾಶಿಯಲ್ಲಿ ಇದ್ದು, 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋಗಿ, ಅಲ್ಲಿ ಕಂಪನಿಯ ಮೇಲೆ ದುಡ್ಡಿನ ದಾವೆ ಹೂಡಿದ ಎಂಬುದನ್ನು ಕೋರ್ಟಿನ ಬಳಗಕ್ಕೆ ನಾನು ಹೇಳಿದ್ದೇ ತಪ್ಪಾಯಿತು. ಆವತ್ತಿನಿಂದ ಅವನೂ ನಮ್ಮವನಾಗಿಬಿಟ್ಟ. “ಲಂಡನ್ನಾಗೂ ವಾಯಿದೆ ಕೊಡ್ತಿದ್ರಾ?” ಎಂದು ಈಗಲೂ ಕೇಳುತ್ತಾರೆ.

ಹುಡುಗರಿಗೆ ಈ ಹಳಬರೆಲ್ಲ ಬೇಡ. ಅವರಿಗೆ ರಾಕಿ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂದಾಗ, 2022ರ ಏಪ್ರಿಲಿನಲ್ಲಿ ಎರಡನೇ ಭಾಗ ಬಂದಾಗ ನಮ್ಮ ಜಿಲ್ಲೆಯ ಹುಡುಗರಿಗೆ ತಮ್ಮೂರಿನ ಹೆಸರು ಇಡೀ ದೇಶದ ಬಾಯಲ್ಲಿ ಎಂಬ ಹೆಮ್ಮೆ. ನಿಜವಾದ ಗಣಿಯಲ್ಲಿ ದುಡಿದವರ ಮಕ್ಕಳು ಮಾತ್ರ, ನಮ್ಮ ಅಪ್ಪಂದಿರ ಕಥೆ ಇದರಲ್ಲಿ ಎಲ್ಲಿದೆ ಎಂದು ಕೇಳಿದರು. 2001ರಲ್ಲಿ ಬಾಗಿಲು ಹಾಕಿದ ಗಣಿಗೆ ಪರದೆಯ ಮೇಲೆ ಬೇರೆಯದೇ ಮಾಲೀಕರು ಬಂದಿದ್ದರು. ಅದಿರಲಿ. ರಾಕಿ ಒಳ್ಳೆಯವನೇ? ಕೊಲ್ಲುತ್ತಾನೆ, ಲೂಟಿ ಮಾಡುತ್ತಾನೆ, ಪಾರ್ಲಿಮೆಂಟಿಗೇ ನುಗ್ಗುತ್ತಾನೆ. ಗುಲಾಮರನ್ನು ಬಿಡಿಸುತ್ತಾನೆ, ಆದರೆ ಅಗೆತ ನಿಲ್ಲಿಸುವುದಿಲ್ಲ. ಕೊನೆಗೆ ಚಿನ್ನದ ಸಮೇತ ಸಮುದ್ರದಲ್ಲಿ ಮುಳುಗುತ್ತಾನೆ. “ಚಿನ್ನ ಹಂಚಬಹುದಿತ್ತಲ್ಲ?” ಎಂದು ನಮ್ಮ ಮನೆಯಲ್ಲೇ ಪ್ರಶ್ನೆ ಎದ್ದಿತು. “ತಾಯಿಗೆ ಮಾತು ಕೊಟ್ಟಿದ್ದ” ಎಂದು ಹುಡುಗರು. “ಆ ಹುಡುಗೀನ ಬಲವಂತವಾಗಿ ಎತ್ತಾಕೊಂಡು ಹೋದ್ನಲ್ಲ, ಅದೂ ತಾಯಿಗೆ ಕೊಟ್ಟ ಮಾತಾ?” ಎಂದು ಪಿಯುಸಿ ಓದುವ ತಂಗಿಯ ಮಗಳು. ಹುಡುಗರು ಹಿನ್ನೆಲೆ ಸಂಗೀತ ಹಾಕಿ ಸೌಂಡು ಜೋರು ಮಾಡಿದರು.

ನನಗೆ ರಾಕಿಯ ವಿಷಯದಲ್ಲಿ ವಾದ ಮಾಡುವ ಹುರುಪು ಬರುವುದಿಲ್ಲ. ಏನು ಮಾಡಿದರೂ ಹಿಂದೆ ತಾಯಿಯ ಮಾತು ಕೇಳಿಸುತ್ತಿರುತ್ತದೆ, ಲೆಕ್ಕ ಚುಕ್ತಾ. ದುರ್ಯೋಧನನಿಗೆ ಈ ಸೌಲಭ್ಯವಿರಲಿಲ್ಲ. ಯುದ್ಧಕ್ಕೆ ಹೊರಟು ತಾಯಿಯ ಕಾಲಿಗೆ ಬಿದ್ದು ಗೆಲುವಾಗಲಿ ಎಂದು ಹರಸು ಎಂದರೆ ಗಾಂಧಾರಿ ಧರ್ಮ ಇದ್ದ ಕಡೆ ಗೆಲುವು ಎಂದಷ್ಟೇ ಹೇಳಿದಳು. ಹೆತ್ತ ತಾಯಿಯ ಬಾಯಿಂದ ಅಂಥ ಆಶೀರ್ವಾದ ಪಡೆದುಕೊಂಡೂ ಮರುದಿನ ಕವಚ ತೊಟ್ಟು ಹೊರಟನಲ್ಲ, ಇವನ ಮೇಲೆ ನನಗೆ ಸಿಟ್ಟೂ ಬರುತ್ತದೆ, ಇವನನ್ನು ಬಿಟ್ಟು ಏಳಲೂ ಮನಸ್ಸಾಗುವುದಿಲ್ಲ. ಅಭಿಮಾನಿಗಳ ಕೊನೆಯ ಸಾಕ್ಷಿ ಬೇರೆ ಇದೆ: ಧರ್ಮರಾಯ ಸ್ವರ್ಗಕ್ಕೆ ಹೋಗಿ ನೋಡಿದಾಗ ದುರ್ಯೋಧನ ಆಗಲೇ ಅಲ್ಲಿ ಆಸನದ ಮೇಲೆ ಕೂತಿದ್ದ. ಹೈಕೋರ್ಟಿನಲ್ಲೇ ಖುಲಾಸೆ ಆದ ಮೇಲೆ ನಿಮ್ಮ ತಕರಾರೇನು ಎನ್ನುತ್ತಾರೆ. ಅಲ್ಲೂ ಧರ್ಮರಾಯ ತಕರಾರು ಎತ್ತಿದ್ದನ್ನು ಮಾತ್ರ ಹೇಳುವುದಿಲ್ಲ.

ಈ ಬಳಗದಲ್ಲಿ ನನಗೆ ಬಹಳ ಬೇಕಾದವರು ರೇಷ್ಮೆ ಗೂಡಿನ ವ್ಯಾಪಾರದ ಒಬ್ಬ ಅಣ್ಣ. ಎರಡು ಸಲ ಒಂದನೇ ದುರ್ಯೋಧನನಾಗಿದ್ದವರು. ಸುಯೋಧನ ಎಂದೇ ಕರೆಯಬೇಕು, ದು ಎಂಬ ಅಕ್ಷರ ಪಾಂಡವರು ಹಚ್ಚಿದ್ದು ಎಂದು ಎಷ್ಟೋ ಜನರ ಜೊತೆ ಮಾತು ಬಿಟ್ಟವರು. ಈ ಸಲ ಗೂಡಿಗೆ ರೇಟು ಬಿತ್ತು. ಊರಿನಲ್ಲಿ ನಾಟಕ ನಿಶ್ಚಯವಾದಾಗ ದುರ್ಯೋಧನ ಕೈಗೆಟುಕಲಿಲ್ಲ. ಸೈಟು ಮಾರಿದ ಒಬ್ಬ ಹುಡುಗ ಕೊಂಡುಕೊಂಡ. ಅಣ್ಣನಿಗೆ ಶಕುನಿ ಬಂತು. ಬೇಜಾರಾಗಿರಬೇಕೆಂದು ಸಮಾಧಾನ ಹೇಳಲು ಹೋದರೆ ಅವರು ಆಗಲೇ ದಾಳ ಉಜ್ಜುತ್ತ ಕೂತಿದ್ದರು.

“ನಿಂಗೆ ಗೊತ್ತಾ,” ಎಂದರು ನನ್ನನ್ನು ಕೂರಿಸಿಕೊಂಡು, “ಈ ಶಕುನಿ ಎಂಥ ಒಳ್ಳೇ ಮನುಷ್ಯ ಅಂತ? ಅಪ್ಪನ್ನ, ಅಣ್ಣತಮ್ಮಂದ್ರನ್ನ ಈ ಕೌರವ್ರು ಸೆರೆಗಾಕಿ ದಿನಕ್ಕೊಂದೊಂದು ಅಗುಳು ಕೊಟ್ಟು ಸಾಯಿಸಿದ್ರು. ಎಲ್ಲಾರೂ ತಮ್ಮ ಅಗುಳು ಇವನಿಗೆ ಕೊಟ್ಟು ಉಳಿಸ್ಕೊಂಡ್ರು. ಅಪ್ಪನ ಮೂಳೇಲಿ ದಾಳ ಮಾಡ್ಕೊಂಡು ಆ ವಂಶಾನೇ ತೆಗೀತೀನಿ ಅಂತ ಬಂದೋನು ಇವನು. ಅನ್ನಕ್ಕೆ ನ್ಯಾಯ ಕೇಳಿದ್ದು ತಪ್ಪಾ?”

“ಹಾಗಾದರೆ ದುರ್ಯೋಧನ?” ಎಂದೆ.

“ಅವನಾ? ಮಾವನ ಮಾತು ಕೇಳಿ ಮನೆ ಹಾಳು ಮಾಡ್ಕೊಂಡ ಮುಂಡೇದು. ಆ ಸೈಟು ಮಾರಿದ ಹುಡುಗನಿಗೇ ಸರಿ. ಟೀ ತರಿಸ್ಲಾ?”